ನಾಲ್ಕು ಗ್ಲಾಸು, ನಮ್ಮದೇ ಮೂಗು: ವಿಸ್ಕಿ ಬಗ್ಗೆ ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲ ಮಂಗಳೂರು, ಉಡುಪಿ ಕಡೆಯಿಂದ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ವಿಸ್ಕಿಯ ಬಗೆಗಳ ಬಗ್ಗೆ. ಆರನ್ನು ಆರಿಸಿಕೊಂಡಿದ್ದೇನೆ. ಇಪ್ಪತ್ತು ವರ್ಷ ಹೋಟೆಲ್ ಬಾರ್‌ಗಳಲ್ಲಿ ಬಾಟಲಿಗಳ ಜೊತೆ ಕಳೆದು ಊರಿಗೆ ಮರಳಿದವನು ನಾನು. ಅಲ್ಲಿ ಕಲಿತದ್ದನ್ನು ಇಲ್ಲಿನ ಸೆಕೆಗೆ, ಇಲ್ಲಿನ ಊಟಕ್ಕೆ ಹೊಂದಿಸಿ ಹೇಳುತ್ತೇನೆ.

ಬಿಜೈಯಲ್ಲಿ ನಾವು ಐದು ಗೆಳೆಯರು ತಿಂಗಳಿಗೊಮ್ಮೆ ಸೇರುತ್ತೇವೆ. ಯಾವಾಗಲೂ ಒಂದೇ ಬ್ರ್ಯಾಂಡ್. ಈ ಸಲ ಸ್ಕಾಚ್, ಐರಿಶ್, ಬರ್ಬನ್ ಎಲ್ಲ ಇಟ್ಟು ಹೋಲಿಸಿ ನೋಡುವ ಆಸೆ. ಹೇಗೆ ಶುರು ಮಾಡುವುದು? ಯಾವುದು ಒಳ್ಳೆಯದು ಅಂತ ಹೇಗೆ ಗೊತ್ತಾಗುತ್ತದೆ?

ಎರಡನೇ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಡಿ. ನೇಂದ್ರ ಬಾಳೆ ದೊಡ್ಡದು ಅಂತ ಕದಳಿ ಹಣ್ಣು ಸೋತಿತು ಅಂತ ನಾವು ಹೇಳುವುದಿಲ್ಲ ಅಲ್ವಾ? ವಿಸ್ಕಿಯೂ ಹಾಗೆಯೇ. ಮೊದಲು ಒಂದಕ್ಕೊಂದು ಎಲ್ಲಿ ಬೇರೆ ಅಂತ ನೋಡಿ. ಇಷ್ಟ ಯಾವುದು ಅನ್ನುವುದು ಆಮೇಲೆ ತಾನೇ ಗೊತ್ತಾಗುತ್ತದೆ.

ಒಬ್ಬೊಬ್ಬರಿಗೂ ನಾಲ್ಕು ಗ್ಲಾಸು ಇಡಿ. ಪ್ರತಿಯೊಂದಕ್ಕೂ 15 ಮಿಲಿಲೀಟರ್ ಮಾತ್ರ. ಒಟ್ಟು 60, ಅಂದರೆ ಒಂದು ದೊಡ್ಡ ಪೆಗ್. ಇದಕ್ಕಿಂತ ಜಾಸ್ತಿ ಹಾಕಿದರೆ ಮೂರನೇ ಗ್ಲಾಸಿಗೆ ನಾಲಿಗೆ ಸುಸ್ತಾಗುತ್ತದೆ, ನಾಲ್ಕನೆಯದಕ್ಕೆ ಮಾತು ಬೇರೆ ಕಡೆ ಹೋಗುತ್ತದೆ. ಹೊಟ್ಟೆ ದೊಡ್ಡದಾಗಿ ಬಾಯಿ ಕಿರಿದಾದ ಗ್ಲಾಸು ಇದ್ದರೆ ಒಳ್ಳೆಯದು, ಪರಿಮಳ ಅದರಲ್ಲಿ ನಿಲ್ಲುತ್ತದೆ. ಅಗಲ ಬಾಯಿಯ ಗ್ಲಾಸಿನಿಂದ ಅದು ಹಾರಿಹೋಗುತ್ತದೆ.

ಹಗುರದಿಂದ ಭಾರದ ಕಡೆಗೆ ಸಾಗಿ. ಮೊದಲು ಐರಿಶ್. ಜೇಮ್ಸನ್ ಸಾಕು, ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ. ಅದನ್ನು ಮೂರು ಸಲ ಭಟ್ಟಿ ಇಳಿಸುತ್ತಾರೆ. ಸ್ಕಾಟ್ಲೆಂಡಿನ ಮಾಲ್ಟ್‌ಗೆ ಸಾಮಾನ್ಯವಾಗಿ ಎರಡೇ ಸಲ. ಜೇಮ್ಸನ್‌ನಲ್ಲಿ ಹೊಗೆಯ ವಾಸನೆಯೂ ಇಲ್ಲದ ಕಾರಣ ನಾಲಿಗೆಗೆ ನುಣುಪು. ಎರಡನೆಯದು ಗ್ಲೆನ್‌ಲಿವೆಟ್ ಅಥವಾ ಗ್ಲೆನ್‌ಫಿಡಿಕ್‌ನಂಥ ಸಿಂಗಲ್ ಮಾಲ್ಟ್. ಮೊಳಕೆ ಬರಿಸಿದ ಬಾರ್ಲಿ ಮಾತ್ರ, ಅದೂ ಒಂದೇ ಭಟ್ಟಿಖಾನೆಯದು. ಇದರಲ್ಲಿ ಸೇಬು, ಪೇರಳೆ ತರದ ಹಣ್ಣಿನ ಪರಿಮಳ ಬರುತ್ತದೆ.

ಮೂರನೆಯದು ಬರ್ಬನ್. ನನ್ನ ಪ್ರಕಾರ ಕರಾವಳಿಯವರು ಹೆಚ್ಚು ಗಮನ ಕೊಡಬೇಕಾದದ್ದು ಇದಕ್ಕೇ. ಅಮೆರಿಕದ ಕಾನೂನಿನ ಪ್ರಕಾರ ಬರ್ಬನ್‌ಗೆ ಕಡಿಮೆ ಅಂದರೂ ನೂರಕ್ಕೆ 51 ಪಾಲು ಮೆಕ್ಕೆಜೋಳ ಇರಬೇಕು. ಒಳಗಡೆ ಸುಟ್ಟು ಕರಿ ಮಾಡಿದ ಹೊಸ ಓಕ್ ಮರದ ಪೀಪಾಯಿಯಲ್ಲೇ ಅದನ್ನು ಇಡಬೇಕು. ಅಮೆರಿಕದ ಓಕ್ ಮರದಲ್ಲಿ ಲ್ಯಾಕ್ಟೋನ್ ಅನ್ನುವ ವಸ್ತು ಉಂಟು. ಅದರ ವಾಸನೆ ನೇರವಾಗಿ ತೆಂಗಿನಕಾಯಿಯದು! ನಮ್ಮ ಅಡುಗೆಮನೆಯಲ್ಲಿ ದಿನಾ ಇರುವ ವಾಸನೆ. ಕಣ್ಣು ಮುಚ್ಚಿ ಮೂಸಿ ನೋಡಿ. ಹಸಿ ಕಾಯಿ ಅಲ್ಲ, ಹುರಿದ ತೆಂಗಿನ ತುರಿ. ಅದರ ಹಿಂದೆ ವೆನಿಲ್ಲಾ, ಆಮೇಲೆ ಓಲೆಬೆಲ್ಲ ಕರಗಿಸಿದ ಹಾಗೆ. ಒಂದು ಸಲ ತುಂಬಿದ ಪೀಪಾಯಿಯನ್ನು ಮತ್ತೆ ಬರ್ಬನ್‌ಗೆ ಬಳಸುವ ಹಾಗಿಲ್ಲ. ಹಾಗಾಗಿ ಅವುಗಳಲ್ಲಿ ತುಂಬಾ ಸ್ಕಾಟ್ಲೆಂಡಿಗೆ ಹೋಗುತ್ತವೆ. ಬರ್ಬನ್ ಆದ ಮೇಲೆ ಎರಡನೇ ಗ್ಲಾಸನ್ನು ಮತ್ತೆ ಮೂಸಿದರೆ ಅಲ್ಲೂ ಅದೇ ತೆಂಗು, ವೆನಿಲ್ಲಾ ಸಣ್ಣಗೆ ಸಿಗುತ್ತದೆ. ನನಗೆ ಅದು ಮೊದಲ ಸಲ ಸಿಕ್ಕಿದ ಸಂಜೆ ಇನ್ನೂ ನೆನಪಿದೆ. ಹೋಲಿಕೆಯ ಖುಷಿ ಇರುವುದೇ ಹೀಗೆ ಹಿಂದಕ್ಕೆ ಹೋಗಿ ನೋಡುವುದರಲ್ಲಿ.

ನಾಲ್ಕನೆಯದು ಹೊಗೆಯ ವಾಸನೆಯ ಸ್ಕಾಚ್, ಉದಾಹರಣೆಗೆ ಟ್ಯಾಲಿಸ್ಕರ್. ಬಜೆಟ್ ಕಡಿಮೆ ಇದ್ದರೆ ಬ್ಲ್ಯಾಕ್ ಲೇಬಲ್ ಇಡಿ. ಅದು ಬ್ಲೆಂಡ್, ಅಂದರೆ ಹಲವು ಭಟ್ಟಿಖಾನೆಗಳ ಮಾಲ್ಟ್ ಮತ್ತು ಬೇರೆ ಧಾನ್ಯದ ವಿಸ್ಕಿ ಬೆರೆಸಿದ್ದು. ಅದರಲ್ಲೂ ತೆಳುವಾದ ಹೊಗೆ ಇದೆ. ಹೊಗೆ ಯಾವತ್ತೂ ಕೊನೆಗೇ ಬರಲಿ. ಮೊದಲೇ ಕುಡಿದರೆ ಮಿಕ್ಕ ಮೂರೂ ನೀರಾಗಿ ಕಾಣುತ್ತವೆ.

ಇನ್ನು ಎರಡು ಮಾತು. ಮೂಸಿದ ಮೇಲೆ ಯಾರೂ ಬಾಯಿ ಬಿಡಬೇಡಿ, ಮೊದಲು ಚೀಟಿಯಲ್ಲಿ ಬರೆಯಿರಿ. ಒಬ್ಬರು ಜೋರಾಗಿ 'ಜೇನು' ಅಂದರೆ ಐದೂ ಮೂಗಿಗೆ ಜೇನೇ ಬರುತ್ತದೆ. ಎರಡನೆಯದು, ಪುಸ್ತಕದ ಹೆಸರುಗಳನ್ನು ಹುಡುಕಬೇಡಿ. ಹೀದರ್ ಹೂವು, ಕ್ರಿಸ್‌ಮಸ್ ಪುಡ್ಡಿಂಗ್ ಅಂತೆಲ್ಲ ಬರೆದಿರುತ್ತಾರೆ. ಹೀದರ್ ಹೂವನ್ನು ನಾವು ನೋಡಿಯೇ ಇಲ್ಲ ಮಾರಾಯ್ರೇ! ಗೇರುಬೀಜ ಹುರಿಯುವ ವಾಸನೆ, ಹಲಸಿನ ಹಣ್ಣು, ಒಣ ಅಡಿಕೆ, ಶಂಕರಪುರ ಮಲ್ಲಿಗೆ ಅಂತ ಬರೆಯಿರಿ. ಆ ಹೆಸರು ಇಟ್ಟ ಮೇಲೆ ಆ ವಿಸ್ಕಿ ನಿಮಗೆ ಮರೆಯುವುದಿಲ್ಲ.

ಕಾರು ಓಡಿಸುವವರು ಮೂಸಿ ಮಾತ್ರ ನೋಡಲಿ. ಕಾನೂನಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅದನ್ನು ದಾಟಲು ಹೆಚ್ಚು ಬೇಕಾಗಿಲ್ಲ. ವಿಸ್ಕಿಯ ರುಚಿಯಲ್ಲಿ ಹೆಚ್ಚಿನದು ಮೂಗಿಗೇ ಸಿಗುತ್ತದೆ, ಹಾಗಾಗಿ ಅವರಿಗೇನೂ ದೊಡ್ಡ ನಷ್ಟವಿಲ್ಲ.

ಭಾವ ಲಫ್ರಾಯ್ಗ್ ಅನ್ನುವ ಬಾಟಲಿ ಉಡುಗೊರೆ ಕೊಟ್ಟರು. ತೆರೆದರೆ ಆಸ್ಪತ್ರೆ ವಾಸನೆ. ಡೆಟಾಲ್ ಹಾಕಿದ ಹಾಗೆ. ಹಾಳಾಗಿದೆಯೇ, ಅಥವಾ ನಕಲಿಯೇ? (ಉಡುಪಿ, ಕುಂಜಿಬೆಟ್ಟು)

ಹಾಳಾಗಿಲ್ಲ. ಅದರ ಸ್ವಭಾವವೇ ಅದು. ದಯವಿಟ್ಟು ಚೆಲ್ಲಬೇಡಿ.

ಲಫ್ರಾಯ್ಗ್ ಬರುವುದು ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಐಲಾ ಅನ್ನುವ ದ್ವೀಪದಿಂದ. ಅಲ್ಲಿ ಹಿಂದಿನಿಂದಲೂ ಸೌದೆ ಕಡಿಮೆ, ಪೀಟ್ ಜಾಸ್ತಿ. ಪೀಟ್ ಅಂದರೆ ಜೌಗು ನೆಲದಲ್ಲಿ ಗಿಡ, ಪಾಚಿ ಅರ್ಧ ಕೊಳೆತು ಸಾವಿರಾರು ವರ್ಷ ಅದುಮಿಕೊಂಡು ಆದ ಕಪ್ಪು ಮಣ್ಣು. ಇಟ್ಟಿಗೆಯ ಹಾಗೆ ಕತ್ತರಿಸಿ ಒಣಗಿಸಿ ಉರಿಸುತ್ತಾರೆ. ಮೊಳಕೆ ಬಂದ ಬಾರ್ಲಿಯನ್ನು ಆ ಹೊಗೆಯಲ್ಲಿ ಒಣಗಿಸಿದಾಗ ಫಿನಾಲ್ ಜಾತಿಯ ವಸ್ತುಗಳು ಕಾಳಿಗೆ ಅಂಟುತ್ತವೆ. ಭಟ್ಟಿ ಇಳಿಸಿದರೂ ಅವು ಪೂರ್ತಿ ಹೋಗುವುದಿಲ್ಲ.

ನಿಮ್ಮ ಮೂಗು ಸುಳ್ಳು ಹೇಳಿಲ್ಲ. ಡೆಟಾಲ್‌ನಲ್ಲಿ ಕ್ರಿಮಿ ಕೊಲ್ಲುವ ವಸ್ತುವೂ ಫಿನಾಲ್ ಕುಟುಂಬದ್ದೇ. ಹಿಂದೆ ಮನೆಮನೆಯಲ್ಲಿದ್ದ ಕೆಂಪು ಕಾರ್ಬಾಲಿಕ್ ಸೋಪಿನ ವಾಸನೆಯೂ ಅದೇ. ಅದೇ ಹೊಗೆಯಲ್ಲಿ ಗ್ವಾಯಕಾಲ್ ಅನ್ನುವುದೂ ಇದೆ. ಮರ ಸುಟ್ಟಾಗಲೂ ಅದು ಬರುತ್ತದೆ. ನಿಮ್ಮ ಅಜ್ಜಿಮನೆಯ ಬಚ್ಚಲೊಲೆಯನ್ನು ನೆನಪಿಸಿಕೊಳ್ಳಿ. ಆಟಿಯ ಮಳೆ, ಒದ್ದೆ ಸೌದೆ, ತೆಂಗಿನ ಗೆರಟೆ, ಹಂಡೆಯಲ್ಲಿ ಕುದಿಯುವ ನೀರು. ಆ ನೀರು ಮೈಮೇಲೆ ಬಿದ್ದಾಗ ಬರುವ ಹೊಗೆಯ ವಾಸನೆ ನಮಗೆ ಎಷ್ಟು ಹಿತ ಅಲ್ವಾ? ಐಲಾದವರಿಗೆ ಪೀಟ್ ಹೊಗೆ ಹಾಗೆ. ಮಲ್ಪೆಯ ನನ್ನ ಗೆಳೆಯನೊಬ್ಬ ಬೋಟಿನಲ್ಲಿ ದುಡಿದವನು. ಮೊದಲ ಸಲ ಮೂಸಿದ ಕೂಡಲೇ "ಇದು ಬಂದರಿನಲ್ಲಿ ಒಣಗಲು ಹಾಕಿದ ಬಲೆ" ಅಂದ. ಅದಕ್ಕಿಂತ ಸರಿಯಾದ ವರ್ಣನೆ ನಾನು ಇವತ್ತಿಗೂ ಕೇಳಿಲ್ಲ.

ಹೀಗೆ ಮಾಡಿ. 30 ಮಿಲಿಲೀಟರ್ ಹಾಕಿ, ಒಂದು ಟೀ ಚಮಚ ನೀರು ಬೆರೆಸಿ, ಹತ್ತು ನಿಮಿಷ ಸುಮ್ನೆ ಬಿಡಿ. ಆಸ್ಪತ್ರೆ ಸ್ವಲ್ಪ ಹಿಂದೆ ಸರಿದು ಬೂದಿ, ಉಪ್ಪು, ಒಂದು ತರದ ಸಿಹಿ ಮುಂದೆ ಬರುತ್ತದೆ. ಮೂರು ಬೇರೆ ಬೇರೆ ದಿನ ಪ್ರಯತ್ನಿಸಿ. ಆಗಲೂ ಹಿಡಿಸದಿದ್ದರೆ ಬೇರೆಯವರಿಗೆ ಕೊಡಿ, ಬಲವಂತ ಬೇಡ. ಆದರೆ ಐಲಾವನ್ನೇ ಬಿಡಬೇಡಿ. ಅಲ್ಲಿನ ಎಲ್ಲ ವಿಸ್ಕಿಯೂ ಹೊಗೆಯದ್ದಲ್ಲ. ಬುನ್ನಹಾವನ್ ಅದೇ ದ್ವೀಪದ್ದು, ಅದರ ಮಾಮೂಲಿ 12 ವರ್ಷದ ಬಾಟಲಿಯಲ್ಲಿ ಪೀಟ್ ಹೊಗೆ ಇಲ್ಲವೆನ್ನುವಷ್ಟು ಕಡಿಮೆ.

ನಾನು ನೀರು ಹಾಕಿ ಕುಡಿಯುತ್ತೇನೆ. ಸಿಂಗಲ್ ಮಾಲ್ಟ್‌ಗೆ ನೀರು ಹಾಕುವುದು ಪಾಪ ಅಂತ ಆಫೀಸಿನವರು ನಗುತ್ತಾರೆ. ಐಸ್ ಹಾಕಬಹುದೇ? (ಸುರತ್ಕಲ್‌ನ ಓದುಗರೊಬ್ಬರು)

ನೀವೇ ಸರಿ. ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2017ರಲ್ಲಿ ಇದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದರು. ಮದ್ಯಸಾರ ತುಂಬಾ ಜಾಸ್ತಿ ಇದ್ದಾಗ ಮೇಲೆ ಹೇಳಿದ ಗ್ವಾಯಕಾಲ್ ಅದರೊಳಗೆ ಸುತ್ತಿಕೊಂಡು ಕೂರುತ್ತದೆ. ನೀರು ಸೇರಿದಾಗ ಮೇಲ್ಮೈಗೆ ಬರುತ್ತದೆ. ಮೂಗಿಗೆ ಬೇಕಾದ್ದು ಅಲ್ಲೇ. ಮದ್ಯಸಾರ 42.8 ಶೇಕಡಾ ಇರುವ 30 ಮಿಲಿಲೀಟರ್ ವಿಸ್ಕಿಗೆ 5 ಮಿಲಿಲೀಟರ್ ನೀರು ಸೇರಿಸಿದರೆ ಸುಮಾರು 37 ಆಗುತ್ತದೆ. ಅಷ್ಟರಿಂದ ಶುರು ಮಾಡಿ, ಬೇಕಿದ್ದರೆ ಇನ್ನೊಂದು ಚಮಚ.

ಐಸ್ ಬೇರೆ ವಿಷಯ. ತಣ್ಣಗಾದಷ್ಟೂ ಪರಿಮಳ ಏಳುವುದಿಲ್ಲ. ಹೋಲಿಸುವಾಗ ಐಸ್ ಬೇಡ. ಆದರೆ ಒಂದು ಮಾತು ಯಾರೂ ನಮಗೆ ಹೇಳುವುದಿಲ್ಲ. 'ಕೋಣೆಯ ಉಷ್ಣತೆಯಲ್ಲಿ ಕುಡಿಯಿರಿ' ಅನ್ನುವ ಸಲಹೆ ಬಂದದ್ದು ತಂಪು ದೇಶದಿಂದ. ಏಪ್ರಿಲ್‌ನಲ್ಲಿ ನಮ್ಮ ಕೋಣೆ 30 ಡಿಗ್ರಿ ದಾಟಿರುತ್ತದೆ. ಆ ಬಿಸಿಗೆ ಮದ್ಯಸಾರ ಬೇಗ ಆವಿಯಾಗಿ ಮೂಗಿಗೆ ಚುಚ್ಚುತ್ತದೆ. ಬಾಟಲಿಯನ್ನು ಇಪ್ಪತ್ತು ನಿಮಿಷ ಫ್ರಿಜ್‌ನಲ್ಲಿಟ್ಟು ತೆಗೆಯಿರಿ, ನಮ್ಮ ಊರಿಗೆ ಅದೇ ಸರಿಯಾದ ಕೋಣೆಯ ಉಷ್ಣತೆ. ಬೇಸಿಗೆಯ ಸಂಜೆ ಸುಮ್ನೆ ಕುಡಿಯುವಾಗ ಐಸ್, ಸೋಡಾ ಖಂಡಿತ ಹಾಕಿ. ಜಪಾನಿನವರು ವಿಸ್ಕಿಗೆ ಸೋಡಾ ಬೆರೆಸುವುದನ್ನು ಒಂದು ಕಲೆಯ ಹಾಗೆ ಮಾಡುತ್ತಾರೆ.

ನಮ್ಮ ದೇಶದ ಸಿಂಗಲ್ ಮಾಲ್ಟ್ ಮೇಲೆ ವರ್ಷವೇ ಬರೆದಿರುವುದಿಲ್ಲ. 12 ವರ್ಷದ ಸ್ಕಾಚ್‌ಗೆ ಕೊಡುವ ದುಡ್ಡು ಇದಕ್ಕೆ ಯಾಕೆ ಕೊಡಬೇಕು? (ಮಂಗಳೂರು, ಕದ್ರಿ)

ಲೇಬಲ್ಲಿನ ವರ್ಷ ಅಂದರೆ ಅದರೊಳಗಿನ ಅತಿ ಎಳೆಯ ವಿಸ್ಕಿ ಮರದಲ್ಲಿ ಇದ್ದ ಕಾಲ. ಆದರೆ ಮರ ಎಷ್ಟು ಕೆಲಸ ಮಾಡುತ್ತದೆ ಅನ್ನುವುದು ಹವೆಯ ಮೇಲೆ ನಿಂತಿದೆ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು 2 ಶೇಕಡಾ ಆವಿಯಾಗುತ್ತದೆ. ಅದನ್ನು ದೇವತೆಗಳ ಪಾಲು ಅನ್ನುತ್ತಾರೆ. ಬೆಂಗಳೂರಿನಲ್ಲಿ ಅದು 10ರಿಂದ 12. ಲೆಕ್ಕ ಹಾಕಿ: 200 ಲೀಟರ್ ಪೀಪಾಯಿ 12 ವರ್ಷ ಇಟ್ಟರೆ ಅಲ್ಲಿ 157 ಲೀಟರ್ ಉಳಿಯುತ್ತದೆ. ಇಲ್ಲಿ ವರ್ಷಕ್ಕೆ ಹತ್ತೇ ಅಂದುಕೊಂಡರೂ ಉಳಿಯುವುದು ಸುಮಾರು 56. ಸೆಕೆಗೆ ವಿಸ್ಕಿ ಮರದೊಳಗೆ ಹೋಗಿ ಬರುವ ವೇಗವೂ ಜಾಸ್ತಿ. ನಾಲ್ಕೈದು ವರ್ಷಕ್ಕೇ ಬಣ್ಣ, ರುಚಿ ತುಂಬಿಬಿಡುತ್ತದೆ. ಇನ್ನೂ ಬಿಟ್ಟರೆ ಮರದ ಒಗರೇ ಮೇಲಾಗುತ್ತದೆ. ಹಾಗಾಗಿ ನಮ್ಮ ವಿಸ್ಕಿಯನ್ನು ಅವರ ವರ್ಷದಿಂದ ಅಳೆಯುವುದು ನ್ಯಾಯವಲ್ಲ.

ಬೆಂಗಳೂರಿನ ಅಮೃತ್ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಮೊದಲು ಮಾರಾಟಕ್ಕಿಟ್ಟದ್ದು ಎಲ್ಲಿ ಗೊತ್ತಾ? ಸ್ಕಾಟ್ಲೆಂಡಿನ ಗ್ಲಾಸ್ಗೋ ಊರಿನಲ್ಲಿ. ಆ ಧೈರ್ಯ ನೆನೆದರೆ ನನಗೆ ಇವತ್ತಿಗೂ ಹೆಮ್ಮೆ. ಅವರ ಫ್ಯೂಷನ್‌ನಲ್ಲಿ ನಮ್ಮ ಬಾರ್ಲಿಯೂ ಇದೆ, ಸ್ಕಾಟ್ಲೆಂಡಿನ ಪೀಟ್ ಬಾರ್ಲಿಯೂ ಇದೆ. 50 ಶೇಕಡಾದ್ದು, ನೀರು ಹಾಕಲೇಬೇಕು. ನಮಗೆ ಹತ್ತಿರದ ಗೋವಾದಲ್ಲಿ ಪಾಲ್ ಜಾನ್ ಇದೆ. ಅಲ್ಲಿನ ಹವೆ ನಮ್ಮ ಹವೆಯ ಹಾಗೇ, ಕಡಲಿನ ಪಸೆ, ಸೆಕೆ. ಎರಡನ್ನೂ ಒಂದು 12 ವರ್ಷದ ಸ್ಕಾಚ್ ಪಕ್ಕ ಇಟ್ಟು, ಗ್ಲಾಸಿನ ತಳಕ್ಕೆ ಗುರುತು ಅಂಟಿಸಿ, ಅದಲುಬದಲು ಮಾಡಿ ಕುಡಿಯಿರಿ. ಆಮೇಲೆ ದುಡ್ಡಿನ ಮಾತು ಆಡೋಣ.

ನಮ್ಮ ಅಂಗಡಿಗಳ ಅಗ್ಗದ 'ವಿಸ್ಕಿ' ಇದಕ್ಕೆ ಸೇರುವುದಿಲ್ಲ. ಅವುಗಳಲ್ಲಿ ಹಲವು ಕಬ್ಬಿನ ಕಾಕಂಬಿಯ ಸ್ಪಿರಿಟ್‌ಗೆ ಸ್ವಲ್ಪ ಮಾಲ್ಟ್ ಬೆರೆಸಿದವು. ಯುರೋಪಿನಲ್ಲಿ ಅವನ್ನು ವಿಸ್ಕಿ ಅಂತ ಮಾರಲು ಬಿಡುವುದಿಲ್ಲ.

ವಿಸ್ಕಿ ಜೊತೆ ಏನು ತಿನ್ನುವುದು? ನಮ್ಮ ಮನೆಯಲ್ಲಿ ಚಿಕನ್ ಘೀ ರೋಸ್ಟ್ ಇಲ್ಲದೆ ಪಾರ್ಟಿ ಇಲ್ಲ. (ಕುಂದಾಪುರ ಮೂಲದ, ಉಡುಪಿಯಲ್ಲಿರುವ ಓದುಗರು)

ಘೀ ರೋಸ್ಟ್ ನನಗೂ ಪ್ರಾಣ. ಆದರೆ ಹೋಲಿಸುವುದು ಮುಗಿಯುವವರೆಗೆ ಅದನ್ನು ಅಡುಗೆಮನೆಯಲ್ಲೇ ಇಡಿ. ಖಾರವನ್ನು ಗುರುತಿಸುವ ನರವನ್ನು ಮದ್ಯಸಾರ ಇನ್ನಷ್ಟು ಚುರುಕು ಮಾಡುತ್ತದೆ. ಬ್ಯಾಡಗಿ ಮೆಣಸೂ ಉರಿಯಾಗುತ್ತದೆ, ವಿಸ್ಕಿಯೂ ಉರಿಯಾಗುತ್ತದೆ, ಎರಡರ ರುಚಿಯೂ ಹೋಗುತ್ತದೆ. ಗ್ಲಾಸುಗಳ ಮಧ್ಯೆ ಒಂದು ತುಂಡು ನೀರುದೋಸೆ, ಚಟ್ನಿ ಇಲ್ಲದೆ. ನಾಲಿಗೆ ತೊಳೆಯಲು ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಆಮೇಲೆ ಊಟದ ಜೊತೆಗೆ ಅಂದರೆ, ಕಾಣೆ ರವಾ ಫ್ರೈಗೆ ಟ್ಯಾಲಿಸ್ಕರ್. ಉಪ್ಪು, ಹೊಗೆ, ಗರಿಗರಿ ರವೆ, ಒಳಗೆ ಮೆತ್ತಗಿನ ಮೀನು, ಮೇಲೆ ಎರಡು ಹನಿ ಲಿಂಬೆ. ಬರ್ಬನ್‌ಗೆ ಮಂಗಳೂರು ಬನ್ಸ್! ಬಾಳೆಹಣ್ಣಿನ ಸಿಹಿ, ಎಣ್ಣೆಯಲ್ಲಿ ಕಂದಿದ ಹಿಟ್ಟು, ಬರ್ಬನ್ನಿನ ವೆನಿಲ್ಲಾ ಮೂರೂ ಒಂದೇ ಮನೆಯ ಮಕ್ಕಳ ಹಾಗೆ. ನಂಬಿಕೆ ಬರದಿದ್ದರೆ ಒಂದು ಸಲ ಮಾಡಿ ನೋಡಿ. ಶೆರಿ ಅನ್ನುವ ವೈನ್ ಇದ್ದ ಪೀಪಾಯಿಯಲ್ಲಿ ಇಟ್ಟ ಮಾಲ್ಟ್‌ನಲ್ಲಿ ಒಣದ್ರಾಕ್ಷಿ, ಖರ್ಜೂರದ ರುಚಿ ಇರುತ್ತದೆ. ಅದಕ್ಕೆ ಬಾಳೆಹಣ್ಣಿನ ಹಲ್ವಾ ಸಾಕು. ಘೀ ರೋಸ್ಟ್ ಬೇಕೇ ಬೇಕು ಅಂದರೆ ಜೇಮ್ಸನ್‌ಗೆ ತುಂಬಾ ಸೋಡಾ ಹಾಕಿ ಕುಡಿಯಿರಿ.

ತಮ್ಮ ದುಬೈಯಿಂದ ಬರುತ್ತಿದ್ದಾನೆ. ಏನು ತರಲು ಹೇಳಲಿ? ತಂದದ್ದನ್ನು ಮಳೆಗಾಲದಲ್ಲಿ ಹೇಗೆ ಇಡುವುದು? (ಕಾಪು)

ಒಬ್ಬರಿಗೆ ಸುಂಕವಿಲ್ಲದೆ 2 ಲೀಟರ್ ತರಬಹುದು. ಇಲ್ಲಿ ಸಿಗುವ ಬ್ರ್ಯಾಂಡನ್ನೇ ದೊಡ್ಡ ಬಾಟಲಿಯಲ್ಲಿ ತರಿಸಬೇಡಿ. ಒಂದಕ್ಕೊಂದು ಪೂರ್ತಿ ಬೇರೆಯಾದ ಎರಡು ತರಿಸಿ. ನಾನಾದರೆ ಒಂದು ರೆಡ್‌ಬ್ರೆಸ್ಟ್ 12 ಹೇಳುತ್ತೇನೆ. ಮೊಳಕೆ ಬಂದ ಬಾರ್ಲಿ, ಬಾರದ ಬಾರ್ಲಿ ಎರಡನ್ನೂ ಸೇರಿಸಿ ಮಾಡುವ ಐರಿಶ್ ಬಗೆ ಅದು, ನಾಲಿಗೆಗೆ ಕೆನೆಯ ಹಾಗೆ ದಪ್ಪ. ಇನ್ನೊಂದು ಆರ್ಡ್‌ಬೆಗ್ 10, ಹೊಗೆಗೆ.

ಬಾಟಲಿಯನ್ನು ನಿಲ್ಲಿಸಿಯೇ ಇಡಿ. ವೈನಿನ ಹಾಗೆ ಮಲಗಿಸಿದರೆ ಮದ್ಯಸಾರ ಬಿರಡೆಯನ್ನು ತಿನ್ನುತ್ತದೆ. ಹಂಚಿನ ಮಾಡಿನ ಕೆಳಗಿನ ಅಟ್ಟ ಬೇಡ, ಬಿಸಿಲು ಬೀಳುವ ಶೋಕೇಸ್ ಬೇಡ. ಜುಲೈಯಲ್ಲಿ ಬಿರಡೆಯ ಹೊರಗೆ ಬೂಸ್ಟು ಬಂದರೆ ಹೆದರಬೇಡಿ, ಒಣ ಬಟ್ಟೆಯಲ್ಲಿ ಒರೆಸಿದರೆ ಆಯಿತು. ಒಳಗಿನದ್ದಕ್ಕೆ ಏನೂ ಆಗಿರುವುದಿಲ್ಲ. ತೆರೆಯದ ಬಾಟಲಿ ವರ್ಷಗಟ್ಟಲೆ ಹಾಗೇ ಇರುತ್ತದೆ, ಗಾಜಿನಲ್ಲಿ ವಿಸ್ಕಿಗೆ ವಯಸ್ಸಾಗುವುದಿಲ್ಲ. ತೆರೆದದ್ದು ಅರ್ಧಕ್ಕಿಂತ ಕೆಳಗೆ ಇಳಿದರೆ ಒಳಗಿನ ಗಾಳಿಗೆ ಪರಿಮಳ ಮಂಕಾಗುತ್ತಾ ಹೋಗುತ್ತದೆ. ಆಗ ಸಣ್ಣ ಗಾಜಿನ ಬಾಟಲಿಗೆ ಕಂಠಮಟ್ಟ ತುಂಬಿಸಿ ಬಿಗಿಯಾಗಿ ಮುಚ್ಚಿಡಿ, ಹೆಸರಿನ ಚೀಟಿ ಅಂಟಿಸಲು ಮರೆಯಬೇಡಿ. ತಮ್ಮ ಮುಂದಿನ ವರ್ಷ ಬೇರೆ ಎರಡು ತಂದಾಗ ಪಕ್ಕದಲ್ಲಿ ಇಟ್ಟು ನೋಡಲು ಅದು ಬೇಕಾಗುತ್ತದೆ.