ಸೋಲುವ ಟೀಮನ್ನು ಕಾಲೇಜು ಯಾಕೆ ಸಾಕುತ್ತದೆ?

ಪ್ರಶ್ನೆ: ನನ್ನ ತಂಗಿಯ ಮಗ ಅಮೆರಿಕದ ಓಹಾಯೋದಲ್ಲಿ ಒಂದು ಚಿಕ್ಕ ಕಾಲೇಜಲ್ಲಿ ಕೊನೇ ವರ್ಷ ಓದುತ್ತಿದ್ದಾನೆ. ಅಲ್ಲಿ ಫುಟ್‌ಬಾಲ್ ಆಡುತ್ತಾನೆ, ನಮ್ಮ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿ ಆಡುವುದು. ಈ ಸೀಸನ್ನಲ್ಲಿ ಐದು ಪಂದ್ಯ ಆಯಿತು, ಒಂದೂ ಗೆದ್ದಿಲ್ಲ. ಅರ್ಧ ಆಟದವರೆಗೆ ಸರಿಸಮ ಇರುತ್ತಾರೆ, ಆಮೇಲೆ ಎದುರಿನವರಿಗೆ ಪಾಯಿಂಟೋ ಪಾಯಿಂಟು. ಆಟಕ್ಕೆ ಸ್ಕಾಲರ್‌ಶಿಪ್ಪೂ ಇಲ್ಲವಂತೆ. ಮತ್ತೆ ಇಂಥ ಟೀಮು ಕಾಲೇಜಿಗೆ ಯಾಕೆ?
— ಒಬ್ಬ ದೊಡ್ಡಮ್ಮ, ಬದಿಯಡ್ಕ

ಉತ್ತರ: ಸ್ಕಾಲರ್‌ಶಿಪ್ ವಿಷಯ ನಿಜ ದೊಡ್ಡಮ್ಮ. ಅಲ್ಲಿನ ಕಾಲೇಜು ಆಟಗಳನ್ನು ನಡೆಸುವ ಎನ್‌ಸಿಎಎಯಲ್ಲಿ ಮೂರು ಡಿವಿಷನ್ ಇವೆ. ಟಿವಿಯಲ್ಲಿ ಕಾಣುವ ಲಕ್ಷ ಜನರ ಸ್ಟೇಡಿಯಂಗಳೆಲ್ಲ ಮೊದಲನೆಯದರದ್ದು. ಚಿಕ್ಕ ಕಾಲೇಜುಗಳು ಹೆಚ್ಚಾಗಿ ಮೂರನೆಯದರಲ್ಲಿ. ಅಲ್ಲಿ ಹುಡುಗ ಆಡುತ್ತಾನೆ ಎಂಬ ಕಾರಣಕ್ಕೆ ಒಂದು ಡಾಲರ್ ಕೊಡುವಂತಿಲ್ಲ. ಮಾರ್ಕು ನೋಡಿ, ಮನೆಯ ಆದಾಯ ನೋಡಿ ಕೊಡಬಹುದು, ಅಷ್ಟೇ.

ಕಾಲೇಜಿಗೆ ಏನು ಲಾಭ ಅಂತ ಕೇಳಿದರೆ, ಆ ಹುಡುಗರೇ ಲಾಭ. ಮೈದಾನದಲ್ಲಿ 11 ಜನ ಕಂಡರೂ ಟೀಮಿನಲ್ಲಿ ಎಂಬತ್ತು, ನೂರು ಮಂದಿ ಇರುತ್ತಾರೆ. ಸಾವಿರ ಚಿಲ್ಲರೆ ಮಕ್ಕಳಿರುವ ಕಾಲೇಜಿಗೆ ಫೀಸು ಕಟ್ಟಿ ಬರುವ ನೂರು ಹುಡುಗರು ಸಣ್ಣ ಮಾತಲ್ಲ, ಟೀಮು ಇಲ್ಲದಿದ್ದರೆ ಅವರಲ್ಲಿ ಎಷ್ಟೋ ಜನ ಬೇರೆ ಕಡೆ ಸೇರುತ್ತಿದ್ದರು. ಹಾಗಾಗಿ ಐದು ಪಂದ್ಯ ಸೋತರೆ ಆಫೀಸಿನವರ ನಿದ್ದೆ ಕೆಡುವುದಿಲ್ಲ. ಹೊಸ ಹುಡುಗರು ಬರುವುದು ನಿಂತರೆ ಕೋಚಿಗೆ ಬಿಸಿ ಮುಟ್ಟುತ್ತದೆ.

ಇನ್ನು ಅರ್ಧ ಆಟ ಕಳೆದ ಮೇಲೆ ಕುಸಿಯುವುದು. ಮುಂದಿನ ಪಂದ್ಯದಲ್ಲಿ ಸ್ಕೋರ್ ಬಿಟ್ಟು ತಲೆ ಎಣಿಸಿ ನೋಡಿ. ಈ ಆಟದಲ್ಲಿ ಚೆಂಡು ಹಿಡಿದು ನುಗ್ಗಲು 11 ಜನ, ತಡೆಯಲು ಬೇರೆಯೇ 11 ಜನ, ಒದೆಯುವ ಹೊತ್ತಿಗೆ ಇನ್ನೊಂದು ಗುಂಪು. ಎಷ್ಟು ಸಲ ಬೇಕಾದರೂ ಬದಲಿ ಇಳಿಸಬಹುದು. ಜನ ಇದ್ದವರಿಗೆ ಅದೇ ಬಲ. ಜನ ಇಲ್ಲದ ಟೀಮಿನಲ್ಲಿ ಒಬ್ಬನೇ ಹುಡುಗ ಎರಡೂ ಕಡೆ ಆಡುತ್ತಾನೆ, ಕೊನೆಯ ಕ್ವಾರ್ಟರಿನ ಹೊತ್ತಿಗೆ ಅವನ ಕಾಲು ಎತ್ತಿಟ್ಟಲ್ಲಿ ನಿಲ್ಲುವುದಿಲ್ಲ. ನಮ್ಮ ಕಬಡ್ಡಿಯಲ್ಲಾದರೆ ಔಟಾದವ ಟೀಮಿಗೆ ಪಾಯಿಂಟು ಬಂದಾಗ ಮತ್ತೆ ಒಳಗೆ ಬರುತ್ತಾನೆ, ಅಲ್ವಾ? ಇಲ್ಲಿ ಮೊಣಕಾಲಿನ ಲಿಗಮೆಂಟ್ ಹರಿದವನಿಗೆ ಆ ವರ್ಷ ಅಲ್ಲಿಗೇ ಮುಗಿಯಿತು.

2019ರಲ್ಲಿ ಅಯೋವಾದ ಗ್ರಿನೆಲ್ ಕಾಲೇಜಿಗೆ ಆದದ್ದು ಇದೇ. 39 ಹುಡುಗರನ್ನು ಇಟ್ಟುಕೊಂಡು ಶುರು ಮಾಡಿದರು. ಮೊದಲ ಮೂರೂ ಪಂದ್ಯ ಸೋತರು. ಅಕ್ಟೋಬರ್ ಬರುವಷ್ಟರಲ್ಲಿ ಆಡುವ ಸ್ಥಿತಿಯಲ್ಲಿ ಉಳಿದವರು 28. ಇನ್ನು ಆಡಿಸಿದರೆ ಇದ್ದವರ ಕೈಕಾಲೂ ಹೋದೀತು ಅಂತ ಉಳಿದ ಸೀಸನ್ನನ್ನೇ ರದ್ದು ಮಾಡಿದರು. ಟೀಮನ್ನು ಮುಚ್ಚಲಿಲ್ಲ, 2021ರಲ್ಲಿ ಮತ್ತೆ ಆಡಿದರು. ಆಗ ಕೆಲವರು ಅವರನ್ನು ಹೇಡಿಗಳು ಅಂದಿರಬಹುದು, ನನಗಂತೂ ಮಾಡಿದ್ದು ಸರಿ ಅನಿಸುತ್ತದೆ. ನಿಮ್ಮ ಹುಡುಗನಿಗೆ ಫೋನ್ ಮಾಡಿದಾಗ ಗೆದ್ದಿರಾ ಅಂತ ಕೇಳಬೇಡಿ, ಟೀಮಲ್ಲಿ ಎಷ್ಟು ಜನ ಉಳಿದಿದ್ದೀರಿ ಅಂತ ಕೇಳಿ. ತಲೆಗೆ ಪೆಟ್ಟಾದರೆ ಸುಮ್ನೆ ಮುಚ್ಚಿಡಬೇಡ ಅಂತಲೂ ಹೇಳಿ. ಮಿದುಳಿಗೆ ಆಘಾತ ಆಗಿದೆ ಅಂತ ಗೊತ್ತಾದವನನ್ನು ಆ ದಿನ ಮತ್ತೆ ಇಳಿಸುವಂತಿಲ್ಲ.

ಪ್ರಶ್ನೆ: ಎಲ್ಲ ಸೋತ ಟೀಮಿಗೆ ನವೆಂಬರಲ್ಲಿ ಆಡಲು ಏನು ಉಳಿದಿರುತ್ತದೆ?
— ಕಬಡ್ಡಿ ಆಡುವ ಹುಡುಗ, ಕುಂಬಳೆ

ಉತ್ತರ: ಪಕ್ಕದ ಊರಿನ ಟೀಮು! ಇಂಡಿಯಾನಾದ ವಾಬಾಶ್ ಮತ್ತು ಡಿಪಾವ್ ಎಂಬ ಎರಡು ಚಿಕ್ಕ ಕಾಲೇಜುಗಳು 1890ರಿಂದ ಎದುರುಬದುರು ಆಡುತ್ತಿವೆ. 1932ರಿಂದ ಗೆದ್ದವರಿಗೆ ಸಿಗುವುದು ಕಪ್ ಅಲ್ಲ, ಹಳೇ ರೈಲು ಎಂಜಿನ್ನಿನ ಗಂಟೆ, ತೂಕ ಸುಮಾರು 136 ಕಿಲೋ. ಸೋತ ಕಾಲೇಜಿನ ಹುಡುಗರು ಅದನ್ನು ಕದ್ದುಕೊಂಡು ಹೋದದ್ದೂ ಉಂಟು. ಇಂಥ ಒಂದು ಪಂದ್ಯ ಗೆದ್ದರೆ ಉಳಿದದ್ದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ.

ಪ್ರಶ್ನೆ: ಅಣ್ಣನ ಮಗನ ಪಂದ್ಯ ಮೊಬೈಲಲ್ಲಿ ನೋಡುತ್ತಿದ್ದೆ. ಮಳೆ ಇಲ್ಲ, ಏನಿಲ್ಲ, ಎಲ್ಲರೂ ಮೈದಾನ ಬಿಟ್ಟು ಒಳಗೆ ಹೋದರು. ಎಷ್ಟು ಹೊತ್ತಾದರೂ ಬರಲಿಲ್ಲ.
— ಓದುಗರು, ಉಪ್ಪಳ

ಉತ್ತರ: ಮಿಂಚು. ಹತ್ತಿರದಲ್ಲಿ ಮಿಂಚಿದರೆ ಆಟ ನಿಲ್ಲಿಸುತ್ತಾರೆ, ಕೊನೆಯ ಮಿಂಚಾಗಿ 30 ನಿಮಿಷ ಕಾಯಬೇಕು. 29ನೇ ನಿಮಿಷಕ್ಕೆ ಇನ್ನೊಂದು ಮಿಂಚಿದರೆ ಲೆಕ್ಕ ಮತ್ತೆ ಮೊದಲಿನಿಂದ. ತುಲಾ ತಿಂಗಳ ಸಂಜೆ ನಮ್ಮಲ್ಲಿ ಈ ನಿಯಮ ತಂದರೆ ಒಂದು ಪಂದ್ಯವೂ ಮುಗಿಯಲಿಕ್ಕಿಲ್ಲ.

ಪ್ರಶ್ನೆ: ಟಿಕೆಟ್ ಮಾಡಿ ಹೋದರೆ ಯಾವ ಪಂದ್ಯಕ್ಕೆ ಹೋಗಬೇಕು?
— ಅದೇ ದೊಡ್ಡಮ್ಮ, ಬದಿಯಡ್ಕ

ಉತ್ತರ: ಅವನ ಕಾಲೇಜಿನ ಮೈದಾನದಲ್ಲೇ ಆಡುವ ಕೊನೆಯ ಪಂದ್ಯಕ್ಕೆ. ಸಾಮಾನ್ಯವಾಗಿ ಅಂದೇ ಸೀನಿಯರ್ ಡೇ ಇರುತ್ತದೆ. ಕೊನೇ ವರ್ಷದ ಹುಡುಗರ ಹೆಸರು ಒಬ್ಬೊಬ್ಬರದಾಗಿ ಮೈಕಿನಲ್ಲಿ ಕೂಗಿ, ಮನೆಯವರ ಜೊತೆ ಮೈದಾನಕ್ಕೆ ಕರೆಸುತ್ತಾರೆ. ತಾರೀಕು ಕಾಲೇಜಿನಲ್ಲೇ ಕೇಳಿ ಖಾತ್ರಿ ಮಾಡಿಕೊಳ್ಳಿ. ಹೋಗಲಾಗದಿದ್ದರೆ ಲೈವ್ ಇದ್ದೇ ಇದೆ: ಅಲ್ಲಿ ಮಧ್ಯಾಹ್ನ 1 ಗಂಟೆಗೆ ಶುರುವಾದರೆ ನಮಗೆ ರಾತ್ರಿ 10.30, ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಹಿಂದಿಟ್ಟ ಮೇಲೆ 11.30. ಬಯಲಾಟ ನೋಡಿ ಅಭ್ಯಾಸ ಇರುವವರಿಗೆ ಇದೇನು ದೊಡ್ಡದಲ್ಲ. ಹೋಗುವುದೇ ಆದರೆ ಸ್ವೆಟರ್ ಒಂದೇ ಸಾಲದು. ಗ್ಯಾಲರಿಯ ಬೆಂಚು ಹೆಚ್ಚಾಗಿ ಅಲ್ಯುಮಿನಿಯಂನದ್ದು, ಕೂತರೆ ಐಸಿನ ಹಾಗೆ ಇರುತ್ತದೆ. ಮಡಚಿ ಅಡಿಗೆ ಹಾಕಲು ದಪ್ಪ ಕಂಬಳಿ ಒಯ್ಯಿರಿ.