ಮುಂಬಯಿಯಲ್ಲಿ ಹಳೆಯ ಡಯಲ್-ಅಪ್ ಇಂಟರ್‌ನೆಟ್ ಅಷ್ಟೊಂದು ನಿಧಾನವಾಗಿ, ಪದೇಪದೇ ಕಡಿದುಹೋಗುತ್ತಿದ್ದದ್ದು ಏಕೆ?

ಮುಖ್ಯ ಕಾರಣ ಫೋನ್ ತಂತಿ. 1995ರ ಆಗಸ್ಟ್ 15ರಂದು ಸರ್ಕಾರಿ ಸಂಪರ್ಕ ಸಂಸ್ಥೆ ವಿಎಸ್ಎನ್ಎಲ್ ಇಂಟರ್‌ನೆಟ್ಟನ್ನು ಸಾರ್ವಜನಿಕರಿಗೆ ತೆರೆದಾಗ, ಮುಂಬಯಿಯ ಮನೆಗಳಿಗೆ ಅದು ಬಂದದ್ದು ನಗರದ ದೂರವಾಣಿ ಸಂಸ್ಥೆ ಎಂಟಿಎನ್ಎಲ್‌ನ ತಾಮ್ರದ ಜೋಡಿ ತಂತಿಯಲ್ಲಿ. ಮಾತಿಗೆಂದು ಎಳೆದಿದ್ದ ಆ ತಂತಿಯ ಮೇಲೆ ಮೋಡೆಮ್ (ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ ಸಾಧನ) ಮಾಹಿತಿಯನ್ನು ಸದ್ದಾಗಿಸಿ ಕಳಿಸಬೇಕಿತ್ತು. ಮಳೆಗಾಲದಲ್ಲಿ ಕಟ್ಟಡದ ಕೆಳಗಿನ ಜಂಕ್ಷನ್ ಬಾಕ್ಸಿಗೆ ತೇವ ಹೊಕ್ಕರೆ ಕರಕರ ಶುರು. ಮಾತಾಡುವವರು ಸಹಿಸಿಕೊಳ್ಳುವ ಆ ಸದ್ದಿಗೆ ಮೋಡೆಮ್ ತತ್ತರಿಸುತ್ತಿತ್ತು: ವೇಗ ಇಳಿಸಿ, ಮತ್ತೆ ಇಳಿಸಿ, ಕೊನೆಗೆ ಲೈನನ್ನೇ ಬಿಡುತ್ತಿತ್ತು.

ಪಕ್ಕದ ಕೋಣೆಯಲ್ಲಿ ಯಾರಾದರೂ ಎಕ್ಸ್‌ಟೆನ್ಷನ್ ಎತ್ತಿದರೂ ಅದೇ ಗತಿ. ಇನ್ನೊಂದು ಕರೆ ಬಂತೆಂದು ತಿಳಿಸುವ ಕಾಲ್ ವೇಟಿಂಗ್‌ನ ಒಂದು ಬೀಪ್ ಕೂಡ ಸಾಕಿತ್ತು; ಆ ಸೌಲಭ್ಯವನ್ನು ಮೊದಲೇ ನಿಲ್ಲಿಸಿಕೊಳ್ಳುವುದು ಜಾಣತನವಾಗಿತ್ತು.

ಕೆಲವೊಮ್ಮೆ ಡಯಲ್ ಆಗುವುದೇ ಕಷ್ಟ. ನಮ್ಮ ಎಕ್ಸ್‌ಚೇಂಜಿನ ಡಯಲ್ ಟೋನನ್ನು ಹೊರದೇಶದ ಮೋಡೆಮ್ ಗುರುತಿಸದೆ ‘ನೋ ಡಯಲ್‌ಟೋನ್’ ಎನ್ನುತ್ತಿತ್ತು. ಮೋಡೆಮ್ ಸೆಟ್ಟಿಂಗಿನಲ್ಲಿ ಎಟಿಎಕ್ಸ್3 ಎಂಬ ಆದೇಶ ಸೇರಿಸಿದರೆ ಟೋನಿಗೆ ಕಾಯದೆ ಡಯಲ್ ಮಾಡುತ್ತಿತ್ತು. ಹಳೆಯ ಎಕ್ಸ್‌ಚೇಂಜ್ ಆದರೆ ಟೋನ್ ಡಯಲಿಂಗಿನ ಆದೇಶ ಎಟಿಡಿಟಿ ಬದಲು ಎಟಿಡಿಪಿ, ಅಂದರೆ ಪಲ್ಸ್ ಡಯಲಿಂಗ್: ನಂಬರನ್ನು ಸ್ವರಗಳ ಬದಲು ಮಿಡಿತಗಳಲ್ಲಿ ಕಳಿಸುವುದು.

ವೇಗದ ಲೆಕ್ಕ ಸರಳ. 28.8 ಕೆಬಿಪಿಎಸ್ (ಸೆಕೆಂಡಿಗೆ ಕಿಲೋಬಿಟ್; 8 ಬಿಟ್ ಅಂದರೆ 1 ಬೈಟ್) ಮೋಡೆಮ್ ಪೂರ್ತಿ ವೇಗದಲ್ಲಿ ಓಡಿದರೂ ಸೆಕೆಂಡಿಗೆ ಸುಮಾರು 3.6 ಕಿಲೋಬೈಟ್, 1 ಎಂಬಿ ಕಡತಕ್ಕೆ ಹತ್ತಿರಹತ್ತಿರ 5 ನಿಮಿಷ. ಮಧ್ಯೆ ಲೈನ್ ಹೋದರೆ ಬಹಳ ಸಲ ಮೊದಲಿನಿಂದ ಶುರುಮಾಡಬೇಕಿತ್ತು, ಫೋನ್ ಬಿಲ್ ಮಾತ್ರ ಏರುತ್ತಲೇ ಇತ್ತು. ಆದೇಶಗಳನ್ನು ಟೈಪಿಸಿ ಬಳಸುವ ಅಗ್ಗದ ಶೆಲ್ ಖಾತೆಯಲ್ಲಿ ಈ ಗೋಳು ಕಡಿಮೆ ಇತ್ತು, ಏಕೆಂದರೆ ಅಲ್ಲಿ ಚಿತ್ರಗಳೇ ಇರಲಿಲ್ಲ, ಬರೀ ಅಕ್ಷರ. ಅದೂ ರೋಮನ್ ಅಕ್ಷರ. ಮುಂಬಯಿ ಕನ್ನಡಿಗರು ಊರಿನವರಿಗೆ ಮೇಲ್ ಬರೆಯಬೇಕಾದರೆ ಕನ್ನಡವನ್ನು ಅದರಲ್ಲೇ ಟೈಪಿಸಬೇಕಿತ್ತು.