ಮೊದಲ ಮಳೆ, ಅಳಿವೆಯ ನೀರು ಮತ್ತು ಸರ್ಫಿಂಗ್

ಕಡಲ ನೀರಿನ ಮಾಲಿನ್ಯ ಮತ್ತು ಸರ್ಫಿಂಗ್ ಮಾಡುವವರ ಆರೋಗ್ಯದ ಬಗ್ಗೆ ಬಂದ ನಾಲ್ಕು ಪತ್ರಗಳಿಗೆ ಈ ಬಾರಿಯ ಅಂಕಣದಲ್ಲಿ ಉತ್ತರಿಸಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ಹದಿನೇಳು ವರ್ಷದ ನನ್ನ ಮಗ ಎರಡು ವರ್ಷಗಳಿಂದ ತಣ್ಣೀರುಬಾವಿ ಮತ್ತು ಸಸಿಹಿತ್ಲು ಕಡಲತೀರಗಳಲ್ಲಿ ಸರ್ಫಿಂಗ್ ಕಲಿಯುತ್ತಿದ್ದಾನೆ. ಕಳೆದ ಮೇ ತಿಂಗಳ ಕೊನೆಯಲ್ಲಿ ಎರಡು ದಿನ ಜೋರು ಮಳೆ ಸುರಿದು ನಿಂತ ಮರುದಿನವೇ, ತೆರೆ ಚೆನ್ನಾಗಿದೆ ಎಂದು ನೀರಿಗಿಳಿದ. ಎರಡು ದಿನ ಕಳೆದು ವಾಂತಿ, ಭೇದಿ ಶುರುವಾಯಿತು. ವಾರದೊಳಗೆ ಕಿವಿ ನೋಯತೊಡಗಿತು. ಮೆಡಿಕಲ್ ಅಂಗಡಿಯಿಂದ ಆಂಟಿಬಯೋಟಿಕ್ ಮಾತ್ರೆ ತಂದು ಕೊಟ್ಟೆವು, ಕಿವಿಗೆ ತೆಂಗಿನೆಣ್ಣೆ ಬಿಟ್ಟೆವು. ಇದು ಸಮುದ್ರದಿಂದಲೇ ಬಂದದ್ದೇ? ಸರ್ಫಿಂಗ್ ಬಿಡಿಸಬೇಕೇ? (ಒಬ್ಬ ತಾಯಿ, ಮಂಗಳೂರು)

ಉತ್ತರ: ಬಿಡಿಸುವ ಅಗತ್ಯ ನನಗೆ ಕಾಣುವುದಿಲ್ಲ, ತಾಯಿ. ಆದರೆ ಯಾವ ದಿನ ಮತ್ತು ಎಲ್ಲಿ ನೀರಿಗಿಳಿಯಬಾರದು ಎಂಬುದನ್ನು ನಿಮ್ಮ ಮಗ ತೆರೆಯ ಎತ್ತರವನ್ನು ಅಳೆಯುವಷ್ಟೇ ಶ್ರದ್ಧೆಯಿಂದ ಕಲಿಯಬೇಕು. ಒಬ್ಬನಿಗೆ ಒಮ್ಮೆ ಬಂದ ಭೇದಿಯನ್ನು ನೋಡಿ ಅದು ಸಮುದ್ರದಿಂದಲೇ ಬಂತೆಂದು ಯಾವ ವೈದ್ಯರೂ ಖಚಿತವಾಗಿ ಹೇಳಲಾರರು. ಆದರೂ ನೀವು ಬರೆದ ಕ್ರಮವನ್ನು, ಅಂದರೆ ಜೋರು ಮಳೆ, ಮರುದಿನ ಸರ್ಫಿಂಗ್, ಎರಡು ಮೂರು ದಿನಗಳಲ್ಲಿ ಹೊಟ್ಟೆ ಕೆಡುವುದು, ಆಮೇಲೆ ಕಿವಿನೋವು ಎಂಬುದನ್ನು ನೋಡಿದರೆ ಅನುಮಾನ ನೀರಿನ ಮೇಲೆಯೇ ಹೋಗುತ್ತದೆ.

ಬೇಸಿಗೆಯುದ್ದಕ್ಕೂ ಊರಿನ ಚರಂಡಿ, ತೋಡು ಮತ್ತು ರಾಜಕಾಲುವೆಗಳಲ್ಲಿ ಮನೆಗಳ ಕೊಳಚೆ, ಸೋರುವ ಒಳಚರಂಡಿಯ ನೀರು, ಶೌಚಗುಂಡಿಗಳಿಂದ ಉಕ್ಕಿದ ಹೊಲಸು, ದನ, ನಾಯಿ ಮತ್ತು ಇಲಿಗಳ ಮಲಮೂತ್ರ ಎಲ್ಲವೂ ಸೇರಿ ನಿಂತಿರುತ್ತದೆ. ಮೊದಲ ಜೋರು ಮಳೆ ಅಷ್ಟನ್ನೂ ಒಂದೇ ಏಟಿಗೆ ತೊಳೆದು ಹೊಳೆಗೆ, ಹೊಳೆಯಿಂದ ಅಳಿವೆಯ ಮೂಲಕ ಕಡಲಿಗೆ ತಳ್ಳುತ್ತದೆ. ಈಗ ನಿಮ್ಮ ಮಗ ಆಡುವ ಜಾಗಗಳನ್ನು ಗಮನಿಸಿ. ತಣ್ಣೀರುಬಾವಿ ಇರುವುದು ಒಂದು ಬದಿಗೆ ಗುರುಪುರ ಹೊಳೆ, ಇನ್ನೊಂದು ಬದಿಗೆ ಕಡಲು ಇರುವ ಮರಳಿನ ಪಟ್ಟಿಯ ಮೇಲೆ. ಅದರ ದಕ್ಷಿಣದ ತುದಿಯ ಬೆಂಗ್ರೆಯಲ್ಲಿ ಗುರುಪುರ ಮತ್ತು ನೇತ್ರಾವತಿ ಎರಡೂ ಕಡಲು ಸೇರುತ್ತವೆ. ಸಸಿಹಿತ್ಲಿನಲ್ಲಿ ನಂದಿನಿ ಮತ್ತು ಶಾಂಭವಿ ಹೊಳೆಗಳ ಅಳಿವೆ ಇದೆ. ಅಳಿವೆಯ ಬಾಯಲ್ಲಿ ಮರಳಿನ ದಿಬ್ಬ ಕಟ್ಟಿಕೊಳ್ಳುವುದರಿಂದ ಅಲ್ಲಿ ತೆರೆ ಚೆನ್ನಾಗಿ ಒಡೆಯುತ್ತದೆ. ಆದ್ದರಿಂದಲೇ ಸರ್ಫರ್‌ಗಳಿಗೆ ಆ ಜಾಗ ಇಷ್ಟ. ಊರಿನ ಕೊಳೆ ಹೊರಬೀಳುವ ಬಾಗಿಲೂ ಅದೇ. ಸಾಲದ್ದಕ್ಕೆ ನಮ್ಮ ಕರಾವಳಿಯಲ್ಲಿ ಸರ್ಫಿಂಗ್ ಸ್ಪರ್ಧೆಗಳು ನಡೆಯುವುದು ಮೇ ಕೊನೆ, ಜೂನ್ ಮೊದಲ ವಾರದ ಹೊತ್ತಿಗೆ. ಹೀಗಾಗಿ ಒಳ್ಳೆಯ ತೆರೆಯ ಕಾಲ ಮತ್ತು ಮೊದಲ ಮಳೆಯ ಕಾಲ ಒಂದರ ಮೇಲೊಂದು ಬಂದು ಬೀಳುತ್ತವೆ. ನನ್ನನ್ನು ಹೆಚ್ಚು ಕಾಡುವ ಸಂಗತಿ ಇದೇ.

ಸರ್ಫರ್‌ಗಳಿಗೆ ಅಪಾಯ ಹೆಚ್ಚಲು ಇನ್ನೂ ಕಾರಣಗಳಿವೆ. ಅವರು ಗಂಟೆಗಟ್ಟಲೆ ನೀರಿನಲ್ಲಿರುತ್ತಾರೆ, ಪದೇ ಪದೇ ಬಿದ್ದು ಮುಳುಗೇಳುತ್ತಾರೆ, ಉಳಿದವರು ನೀರಿನಿಂದ ದೂರವಿರುವ ಋತುವಿನಲ್ಲಿಯೇ ಇಳಿಯುತ್ತಾರೆ. ಸಾಮಾನ್ಯ ಈಜುಗಾರರಿಗಿಂತ ಅವರು ಸುಮಾರು ಹತ್ತು ಪಟ್ಟು ಹೆಚ್ಚು ಸಮುದ್ರದ ನೀರನ್ನು ನುಂಗುತ್ತಾರೆ ಎಂಬ ಅಂದಾಜಿದೆ. ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ 2013ರಿಂದ 2015ರವರೆಗಿನ ಎರಡು ಚಳಿಗಾಲಗಳಲ್ಲಿ (ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ) 654 ಸರ್ಫರ್‌ಗಳ ಆರೋಗ್ಯವನ್ನು ದಾಖಲಿಸಿದ ಅಧ್ಯಯನವೊಂದಿದೆ. ಸಮುದ್ರಕ್ಕೆ ಇಳಿಯದಿದ್ದಾಗ ಸಾವಿರಕ್ಕೆ ಸರಾಸರಿ 18 ಮಂದಿಗೆ ಹೊಟ್ಟೆಯ ಕಾಯಿಲೆ ಕಂಡರೆ, ಮಳೆಯಿಲ್ಲದ ದಿನಗಳಲ್ಲಿ ಇಳಿದಾಗ 25 ಮಂದಿಗೆ, ಮಳೆಯ ನಂತರ ಇಳಿದಾಗ 30 ಮಂದಿಗೆ ಕಂಡಿತು. ಈ ಅಂಕಿಗಳನ್ನು ಕೊಡುವುದು ಹೆದರಿಸಲಿಕ್ಕಲ್ಲ. ಸಾವಿರದಲ್ಲಿ ಹನ್ನೆರಡು ಮಂದಿಯ ಹೆಚ್ಚಳ ಎಂದರೆ ಆಟವನ್ನೇ ಬಿಡಬೇಕಾದಷ್ಟು ದೊಡ್ಡದಲ್ಲ, ಕಡೆಗಣಿಸುವಷ್ಟು ಸಣ್ಣದೂ ಅಲ್ಲ. ಆದರೆ ಅದು ಕೊಳಚೆ ನೀರಿನ ಶುದ್ಧೀಕರಣ ಬಹುಮಟ್ಟಿಗೆ ನಡೆಯುವ ನಗರದ ಲೆಕ್ಕ ಎಂಬುದು ನೆನಪಿರಲಿ.

ಕ್ಯಾಲಿಫೋರ್ನಿಯಾದಲ್ಲಿ ಮಳೆ ಬಂದ ಮೇಲೆ 72 ಗಂಟೆ ನೀರಿಗಿಳಿಯಬೇಡಿ ಎಂದು ಸಾರ್ವಜನಿಕರಿಗೆ ಸೂಚಿಸುತ್ತಾರೆ. ನಿಮ್ಮ ಮಗನೂ ಜೋರು ಮಳೆ ನಿಂತ ನಂತರ ಪೂರ್ತಿ ಮೂರು ದಿನ ಕಾಯಲಿ. ಹೊಳೆಯ ಕೆಂಪು ನೀರು ಅದರ ಮೇಲೂ ಕಡಲಲ್ಲಿ ಹರಡಿರುವುದು ಕಂಡರೆ ಇನ್ನೂ ಕಾಯಲಿ, ಚರಂಡಿ ಅಥವಾ ತೋಡು ಕಡಲಿಗೆ ಬೀಳುವ ಜಾಗದಿಂದ ಯಾವ ಕಾಲದಲ್ಲೂ ದೂರವಿರಲಿ. ಲಾಸ್ ಏಂಜಲೀಸಿನ ಸಾಂಟಾ ಮೋನಿಕಾ ಕೊಲ್ಲಿಯಲ್ಲಿ 1995ರಲ್ಲಿ ನಡೆದ ಅಧ್ಯಯನದಲ್ಲಿ, ಮಳೆಚರಂಡಿಯ ಬಾಯಲ್ಲೇ ಈಜಿದವರಲ್ಲಿ ಜ್ವರ, ಕಿವಿ ಸೋರುವಿಕೆ ಮುಂತಾದ ತೊಂದರೆಗಳು ಸುಮಾರು 350 ಮೀಟರಿಗಿಂತ ಆಚೆ ಈಜಿದವರಿಗಿಂತ ಸ್ಪಷ್ಟವಾಗಿ ಹೆಚ್ಚಿದ್ದವು.

ಇನ್ನು ಔಷಧದ ಮಾತು. ವಾಂತಿ, ಭೇದಿ ಆದಾಗ ಮೊದಲು ಬೇಕಾದದ್ದು ಓಆರ್‌ಎಸ್. ಇಂಥ ಭೇದಿ ಬಹಳಷ್ಟು ಸಲ ವೈರಸ್‌ನಿಂದ ಬರುತ್ತದೆ, ಅದಕ್ಕೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಮಲದಲ್ಲಿ ರಕ್ತ ಕಂಡರೆ, ಜ್ವರ ಏರಿದರೆ ಅಥವಾ ಮೂತ್ರ ಕಡಿಮೆಯಾದರೆ ತಡಮಾಡದೆ ವೈದ್ಯರ ಬಳಿಗೆ ಹೋಗಿ. ವೈದ್ಯರನ್ನು ಕೇಳದೆ ಆಂಟಿಬಯೋಟಿಕ್ ಕೊಡಬೇಡಿ ಎನ್ನುವುದಕ್ಕೆ ಇಲ್ಲಿ ವಿಶೇಷ ಕಾರಣವೂ ಇದೆ. ಬ್ರಿಟನ್ನಿನ ಎಕ್ಸೆಟರ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಮುಖ್ಯ ಆಂಟಿಬಯೋಟಿಕ್ಕಿಗೆ ಬಗ್ಗದ ಇ. ಕೋಲೈ ಬ್ಯಾಕ್ಟೀರಿಯಾ ಸರ್ಫರ್‌ಗಳಲ್ಲಿ ಶೇ 9 ಮಂದಿಯ ಕರುಳಿನಲ್ಲಿ ಸಿಕ್ಕರೆ, ಸರ್ಫಿಂಗ್ ಮಾಡದವರಲ್ಲಿ ಶೇ 3 ಮಂದಿಯಲ್ಲಿ ಮಾತ್ರ ಸಿಕ್ಕಿತು. ನಾವು ಅನಗತ್ಯವಾಗಿ ನುಂಗುವ ಮಾತ್ರೆ, ಅದರಿಂದ ಬಲಿಯುವ ರೋಗಾಣು, ಅದನ್ನು ಹೊತ್ತ ಕೊಳಚೆ, ಆ ಕೊಳಚೆ ಸೇರುವ ಕಡಲು, ಎಲ್ಲವೂ ಒಂದೇ ಸರಪಳಿ.

ನೋಯುವ ಕಿವಿಗೆ ಎಣ್ಣೆ ಬಿಡಬೇಡಿ, ಕಡ್ಡಿ ಹಾಕಬೇಡಿ. ತಮಟೆ ತೂತಾಗಿದೆಯೇ ಎಂದು ನೋಡದೆ ಯಾವ ಹನಿಯನ್ನೂ ಹಾಕುವಂತಿಲ್ಲ. ಮಳೆಗಾಲದಲ್ಲಿ ಅಳಿವೆಯ ನೀರಿಗಿಳಿದ ಒಂದೆರಡು ವಾರಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಇಲಿಜ್ವರ ಇರಬಹುದೇ ಎಂದು ಪರೀಕ್ಷಿಸಬೇಕು, ನೀರಿಗಿಳಿದದ್ದನ್ನು ವೈದ್ಯರಿಗೆ ನೀವಾಗಿಯೇ ಹೇಳಬೇಕು. ಮೈಮೇಲೆ ಹಸಿ ಗಾಯವಿದ್ದರೆ ಆ ದಿನ ಸರ್ಫಿಂಗ್ ಬೇಡ. ಬೆಚ್ಚಗಿನ ಅರೆ ಉಪ್ಪುನೀರಿನಲ್ಲಿ ವಿಬ್ರಿಯೊ ಎಂಬ ಬ್ಯಾಕ್ಟೀರಿಯಾಗಳಿರುತ್ತವೆ. ಅವುಗಳಲ್ಲಿ ಕೆಲವು ಗಾಯದ ಮೂಲಕ ಒಳಹೊಕ್ಕರೆ, ಅದರಲ್ಲೂ ಮಧುಮೇಹ ಅಥವಾ ಯಕೃತ್ತಿನ ಕಾಯಿಲೆ ಇರುವವರಲ್ಲಿ, ಒಂದೆರಡು ದಿನಗಳೊಳಗೆ ಪ್ರಾಣಕ್ಕೇ ಕುತ್ತು ತರಬಲ್ಲವು. ಗಾಯದ ಸುತ್ತ ಕೆಂಪು ಬೇಗ ಹರಡುತ್ತಿದ್ದರೆ, ನೀರ್ಗುಳ್ಳೆ ಎದ್ದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ಉಪ್ಪುನೀರು ಕ್ರಿಮಿಗಳನ್ನು ಕೊಲ್ಲುತ್ತದೆ, ಸಮುದ್ರಸ್ನಾನ ಚರ್ಮಕ್ಕೆ ಒಳ್ಳೆಯದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅದು ತಪ್ಪೇ? (ಉಡುಪಿಯ ಓದುಗರು)

ಉತ್ತರ: ಪೂರ್ತಿ ತಪ್ಪಲ್ಲ. ಉಪ್ಪು ಮತ್ತು ಬಿಸಿಲು ಸೇರಿ ಅನೇಕ ಬ್ಯಾಕ್ಟೀರಿಯಾಗಳನ್ನು ಕೆಲವು ಗಂಟೆಗಳಿಂದ ಕೆಲವು ದಿನಗಳಲ್ಲಿ ಸಾಯಿಸುತ್ತವೆ, ಅದರಲ್ಲಿ ಬಿಸಿಲಿನ ಪಾಲು ದೊಡ್ಡದು. ಹಿರಿಯರ ಮಾತು ಬೇಸಿಗೆಯ ತಿಳಿಗಡಲಿಗೆ ಹೊಂದುತ್ತದೆ. ಮಳೆಗಾಲದಲ್ಲಿ ಮೋಡ ಬಿಸಿಲನ್ನು ತಡೆಯುತ್ತದೆ, ಕೆಸರು ನೀರೊಳಗೆ ಬೆಳಕನ್ನು ಬಿಡುವುದಿಲ್ಲ, ಹೊಳೆಯ ನೀರು ಬೆರೆತು ಅಳಿವೆಯ ಬಳಿ ಉಪ್ಪೇ ಇಳಿದುಹೋಗಿರುತ್ತದೆ. ನೊರೊವೈರಸ್, ಹೆಪಟೈಟಿಸ್ ಎ ವೈರಸ್‌ಗಳಂತೂ ಕಡಲ ನೀರಿನಲ್ಲಿ ಎಷ್ಟೋ ದಿನ ಬದುಕಿರಬಲ್ಲವು.

ಪ್ರಶ್ನೆ: ನಾವು ಕೆಲಸದ ಮೇಲೆ ಸ್ಯಾನ್ ಡಿಯಾಗೋಗೆ ಬಂದು ನೆಲೆಸಿದ್ದೇವೆ. ಮಗಳನ್ನು ಸರ್ಫಿಂಗ್ ತರಗತಿಗೆ ಸೇರಿಸಬೇಕೆಂದಿದ್ದೇವೆ. ಇಂಪೀರಿಯಲ್ ಬೀಚಿನ ಸುದ್ದಿ ಕೇಳಿ ಹೆದರಿಕೆಯಾಗಿದೆ. (ಕ್ಯಾಲಿಫೋರ್ನಿಯಾದ ಓದುಗ ದಂಪತಿ)

ಉತ್ತರ: ಇಂಪೀರಿಯಲ್ ಬೀಚಿನ ವಿಷಯದಲ್ಲಿ ನಿಮ್ಮ ಹೆದರಿಕೆ ನ್ಯಾಯವಾದದ್ದು. ಮೆಕ್ಸಿಕೋದ ಟಿಹುವಾನಾ ನಗರದ ಕೊಳಚೆಯನ್ನು ಹೊತ್ತ ಟಿಹುವಾನಾ ನದಿ ಗಡಿ ದಾಟಿ ಬಂದು ಅಲ್ಲಿಯೇ ಕಡಲು ಸೇರುತ್ತದೆ, ಈ ಕಾರಣಕ್ಕೆ 2021ರ ಡಿಸೆಂಬರ್‌ನಿಂದ ಅಲ್ಲಿನ ನೀರನ್ನು ಸಾವಿರಕ್ಕೂ ಹೆಚ್ಚು ದಿನ ಮುಚ್ಚಬೇಕಾಯಿತು. 2023ರಲ್ಲಿ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯ ಸಂಶೋಧಕರು, ಅಲೆ ಒಡೆದಾಗ ಏಳುವ ತುಂತುರಿನ ಮೂಲಕ ಕೊಳಚೆಯ ಬ್ಯಾಕ್ಟೀರಿಯಾಗಳು ಗಾಳಿಗೂ ಸೇರುತ್ತವೆ ಎಂದು ತೋರಿಸಿದರು. ನೀರಿಗೆ ಕಾಲಿಡದವರೂ ಆ ಗಾಳಿಯನ್ನು ಉಸಿರಾಡುತ್ತಾರೆ. ಆಸ್ತಮಾ ಇರುವ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯದಿರುವುದೇ ಲೇಸು.

ಆದರೆ ಜಿಲ್ಲೆಯ ಎಲ್ಲ ತೀರಗಳೂ ಹಾಗಿಲ್ಲ. ಅಲ್ಲಿನ ಕೌಂಟಿ ಆಡಳಿತ 2022ರಿಂದ ಡಿಎನ್‌ಎ ಆಧಾರಿತ ಪರೀಕ್ಷೆ ನಡೆಸಿ, ಬೆಳಿಗ್ಗೆ ತೆಗೆದ ಮಾದರಿಯ ಫಲಿತಾಂಶವನ್ನು ಅಂದೇ ಪ್ರಕಟಿಸುತ್ತದೆ. ತರಗತಿಗೆ ಹೊರಡುವ ಮುನ್ನ ಅದನ್ನು ನೋಡಿ, ಉತ್ತರದ ತೀರಗಳಲ್ಲಿ ತರಗತಿ ಆರಿಸಿಕೊಳ್ಳಿ, ಮಳೆಯ ನಂತರದ ಮೂರು ದಿನಗಳ ನಿಯಮವನ್ನು ತರಬೇತುದಾರರು ಪಾಲಿಸುತ್ತಾರೆಯೇ ಎಂದು ಮೊದಲೇ ಕೇಳಿ.

ಪ್ರಶ್ನೆ: ನಾವು ಕೆಲವು ಗೆಳೆಯರು ಸೇರಿ ಕರಾವಳಿಯಲ್ಲಿ ಸರ್ಫಿಂಗ್ ಕಲಿಸುತ್ತೇವೆ. ನೀರು ಕಣ್ಣಿಗೆ ತಿಳಿಯಾಗಿ ಕಂಡರೆ ಸಾಕೇ? ಶುಚಿಯಾದ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕ ಪಡುಬಿದ್ರಿಯಂತಹ ತೀರವನ್ನು ಕಣ್ಣುಮುಚ್ಚಿ ನಂಬಬಹುದೇ? ನಾವೇ ಪರೀಕ್ಷೆ ಮಾಡಿಸುವುದು ಹೇಗೆ? (ಮೂಲ್ಕಿ ಕಡೆಯ ತರಬೇತುದಾರರು)

ಉತ್ತರ: ಈ ಪ್ರಶ್ನೆ ತರಬೇತುದಾರರಿಂದಲೇ ಬಂದದ್ದು ನನಗೆ ಬಹಳ ಸಂತೋಷದ ವಿಷಯ. ಕಣ್ಣಿಗೆ ಕಾಣುವ ತಿಳಿತನ ರೋಗಾಣುವಿನ ಅಳತೆಯಲ್ಲ. ಸ್ನಾನಕ್ಕೆ ಮತ್ತು ಮೈ ನೀರಿಗೆ ತಾಗುವ ಜಲಕ್ರೀಡೆಗೆ ಬಳಸುವ ಕಡಲ ನೀರನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಎಸ್‌ಡಬ್ಲ್ಯು-2 ಎಂಬ ವರ್ಗದಲ್ಲಿ ಇಟ್ಟಿದೆ. ಅದರ ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಮಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾ 100ನ್ನು ದಾಟಬಾರದು. ಕ್ಯಾಲಿಫೋರ್ನಿಯಾ ಎಂಟರೊಕೊಕೈ ಎಂಬ ಬ್ಯಾಕ್ಟೀರಿಯಾವನ್ನೂ ಎಣಿಸುತ್ತದೆ, ಒಂದೇ ಮಾದರಿಯಲ್ಲಿ ಅದು 104ನ್ನು ಮೀರಿದರೆ ತೀರದಲ್ಲಿ ಎಚ್ಚರಿಕೆಯ ಫಲಕ ಹಾಕುತ್ತಾರೆ. ಉಪ್ಪುನೀರಿನಲ್ಲಿ ಕೋಲಿಫಾರ್ಮ್‌ಗಿಂತ ಎಂಟರೊಕೊಕೈ ಹೆಚ್ಚು ಕಾಲ ಉಳಿಯುವುದರಿಂದ ಅದನ್ನು ಎಣಿಸುವುದು ಮೇಲು. ನೀವು ಪರೀಕ್ಷೆ ಮಾಡಿಸುವಾಗ ಎರಡನ್ನೂ ಕೇಳಿ.

ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ದೊರೆತದ್ದು ನಮಗೆಲ್ಲ ಹೆಮ್ಮೆ. ನೀರಿನ ನಿಯಮಿತ ಪರೀಕ್ಷೆ ಆ ಮಾನ್ಯತೆಯ ಷರತ್ತುಗಳಲ್ಲಿ ಒಂದು. ಆದರೆ ಬಾವುಟ ಆ ಗೊತ್ತುಪಡಿಸಿದ ತುಂಡಿಗೆ ಮಾತ್ರ ಅನ್ವಯಿಸುತ್ತದೆ. ಅರ್ಧ ಕಿಲೋಮೀಟರ್ ಆಚೆಯ ಅಳಿವೆಗೂ ನಿನ್ನೆ ರಾತ್ರಿಯ ಮಳೆಗೂ ಅದು ಉತ್ತರವಲ್ಲ.

ಮಾದರಿ ತೆಗೆಯಲು ಪ್ರಯೋಗಾಲಯದಿಂದಲೇ ಕ್ರಿಮಿರಹಿತ ಬಾಟಲಿ ಪಡೆಯಿರಿ. ವಿದ್ಯಾರ್ಥಿಗಳು ಆಡುವ ಜಾಗದಲ್ಲಿ ಮೊಣಕಾಲಿನಿಂದ ಸೊಂಟದವರೆಗಿನ ಆಳದಲ್ಲಿ, ನೀರಿನ ಮೇಲ್ಮೈಗಿಂತ ಒಂದು ಗೇಣು ಕೆಳಗೆ ಬಾಟಲಿಯನ್ನು ತೆರೆಯಿರಿ. ಅದನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಆರು ಗಂಟೆಯೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸಿ. ಬೆಳಿಗ್ಗೆಯೇ ತೆಗೆಯಿರಿ, ಏಕೆಂದರೆ ಬಿಸಿಲು ಏರಿದ ಮೇಲೆ ಎಣಿಕೆ ಇಳಿದು ನಿಜಸ್ಥಿತಿ ಮರೆಯಾಗುತ್ತದೆ. ಬ್ಯಾಕ್ಟೀರಿಯಾವನ್ನು ಬೆಳೆಸಿ ಎಣಿಸುವ ವಿಧಾನಕ್ಕೆ ಒಂದು ದಿನವಾದರೂ ಹಿಡಿಯುವುದರಿಂದ ನಿಮ್ಮ ಕೈಗೆ ಬರುವ ವರದಿ ಎಂದಿಗೂ ನಿನ್ನೆಯ ನೀರಿನದು. ಹೀಗಾಗಿ ಒಂದೊಂದೇ ವರದಿಯನ್ನು ನೋಡಿ ಆ ದಿನದ ತೀರ್ಮಾನ ಮಾಡುವುದಕ್ಕಿಂತ, ಪ್ರತಿ ಸಲವೂ ಮಳೆಯ ಪ್ರಮಾಣ, ಭರತ ಇಳಿತದ ಹೊತ್ತು ಮತ್ತು ಅಳಿವೆಯ ಬಣ್ಣವನ್ನು ಫಲಿತಾಂಶದ ಪಕ್ಕದಲ್ಲಿ ಬರೆದಿಡಿ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನಿಮ್ಮ ತೀರ ಯಾವ ಮಳೆಗೆ ಎಷ್ಟು ದಿನ ಕೆಡುತ್ತದೆ ಎಂಬುದು ಆ ಪುಸ್ತಕದಲ್ಲೇ ಕಾಣುತ್ತದೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಬಳಿ ನಿಮ್ಮ ತೀರದ ನೀರಿನ ಪರೀಕ್ಷಾ ವರದಿಗಳಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಪಡೆಯಿರಿ, ಅರ್ಜಿಯಲ್ಲಿ ಮೇ ಮತ್ತು ಜೂನ್ ತಿಂಗಳುಗಳ ಮಾದರಿಗಳನ್ನು ಹೆಸರಿಸಿಯೇ ಕೇಳಿ. ನಿಮ್ಮ ದಾಖಲೆಯ ಒಂದು ಪ್ರತಿಯನ್ನು ಬೋರ್ಡುಗಳನ್ನಿಡುವ ಕೊಠಡಿಯ ಗೋಡೆಗೆ ಅಂಟಿಸಿ, ಮಕ್ಕಳ ತಂದೆತಾಯಿಗೂ ಕಾಣುವಂತೆ.